ಸರಿಯಾದ ವಾಕ್ಯಗಳು, ತಪ್ಪು ಪ್ಯೂಮಾ

ವಿಶ್ವಕೋಶದ ಲೇಖನವೊಂದನ್ನು ನಿಖರಗೊಳಿಸುವುದು ಅಂದರೇನು ಎಂದು ಕೇಳಿದರೆ ಓದುಗರಲ್ಲಿ ಹೆಚ್ಚಿನವರು, ಸಂಪಾದಕರಲ್ಲೂ ಹಲವರು, ಒಂದೇ ಬಗೆಯ ಉತ್ತರ ಕೊಡುತ್ತಾರೆ. ತಪ್ಪು ವಾಕ್ಯಗಳನ್ನು ಹುಡುಕಬೇಕು, ತೆಗೆಯಬೇಕು, ಆ ಜಾಗದಲ್ಲಿ ಸರಿಯಾದದ್ದನ್ನು ಕೂರಿಸಬೇಕು, ಪ್ರತಿ ವಾಕ್ಯಕ್ಕೂ ನಂಬಬಹುದಾದ ಆಕರ ಕೊಡಬೇಕು. ಹೀಗೆ ಒಂದೊಂದಾಗಿ ತಿದ್ದುತ್ತ ಹೋದರೆ ಲೇಖನ ಸತ್ಯಕ್ಕೆ ಹತ್ತಿರವಾಗುತ್ತದೆ. ತಿದ್ದುವ ಕೈಗಳು ಹೆಚ್ಚಿದಷ್ಟೂ ಕೆಲಸ ಬೇಗ ಸಾಗುತ್ತದೆ. ಈ ನಂಬಿಕೆಗೆ ಒಳ್ಳೆಯ ಬೆಂಬಲವೂ ಇದೆ. 2005ರಲ್ಲಿ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ಆರಿಸಿ, ಅವುಗಳ ಬಗ್ಗೆ ವಿಕಿಪೀಡಿಯ ಮತ್ತು ಬ್ರಿಟಾನಿಕಾದಲ್ಲಿದ್ದ ಬರಹಗಳನ್ನು ತಜ್ಞರ ಕೈಗೆ ಕೊಟ್ಟು ತಪ್ಪುಗಳನ್ನು ಎಣಿಸಿತು. ಗಂಭೀರ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಸಣ್ಣಪುಟ್ಟ ತಪ್ಪು, ಲೋಪಗಳು ವಿಕಿಪೀಡಿಯದಲ್ಲಿ 162, ಬ್ರಿಟಾನಿಕಾದಲ್ಲಿ 123. ಯಾರು ಬೇಕಾದರೂ ಕೈಹಾಕಬಹುದಾದ ಕೋಶವೊಂದು ವಿದ್ವಾಂಸರ ಕೋಶಕ್ಕೆ ಇಷ್ಟು ಸಮೀಪ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಮರುವರ್ಷ ಬ್ರಿಟಾನಿಕಾ ಈ ಲೆಕ್ಕವನ್ನು ಕಟುವಾಗಿ ಅಲ್ಲಗಳೆಯಿತು, ಪತ್ರಿಕೆ ತನ್ನ ಮಾತಿಗೆ ಅಂಟಿಕೊಂಡಿತು. ಯಾವುದು ತಪ್ಪು, ಯಾವುದು ಅಲ್ಲ ಎಂದು ಇಬ್ಬರೂ ಕಿತ್ತಾಡಿದರು ನಿಜ. ಆದರೆ ತಪ್ಪೆನ್ನುವುದು ವಾಕ್ಯದೊಳಗೆ ಕೂತಿರುತ್ತದೆ, ಅದನ್ನು ಎಣಿಸಬಹುದು, ಹೆಕ್ಕಿ ತೆಗೆಯಬಹುದು ಎಂಬ ಕಲ್ಪನೆ ಆ ಜಗಳದಲ್ಲಿ ಅಲುಗಾಡದೆ ಉಳಿಯಿತು. ನನಗೆ ಗೊಂದಲ ಕಾಣುವುದು ಅಲ್ಲಿ.

ನನ್ನ ವಾದ ಇಷ್ಟು. ವಿಶ್ವಕೋಶದ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ವಾಕ್ಯದಲ್ಲಿ ಇರುವುದರಿಂದಲ್ಲ, ವಾಕ್ಯದಿಂದ ಕಳಚಿ ಬಿದ್ದುಹೋದದ್ದರಿಂದ. ಯಾವಾಗ ಅಳೆದದ್ದು, ಎಲ್ಲಿ ಅಳೆದದ್ದು, ಯಾವ ಸಾಧನದಿಂದ, ಯಾರ ವರ್ಗೀಕರಣದ ಪ್ರಕಾರ, ಯಾವ ಉದ್ದೇಶಕ್ಕೆ ಎಂಬ ಷರತ್ತುಗಳು ಮೂಲ ಅಧ್ಯಯನದಲ್ಲಿ ಇರುತ್ತವೆ. ಕೋಶಕ್ಕೆ ಬರುವಷ್ಟರಲ್ಲಿ ಉದುರಿರುತ್ತವೆ. ಷರತ್ತಿಲ್ಲದ ವಾಕ್ಯವನ್ನು ತೆಗೆದು ಷರತ್ತಿಲ್ಲದ ಇನ್ನೊಂದನ್ನು ಇಟ್ಟರೆ ತಪ್ಪಿನ ತಾರೀಖು ಬದಲಾಗುತ್ತದೆ, ಅಷ್ಟೆ. ಇದನ್ನು ಪರೀಕ್ಷಿಸಲು ಪ್ಯೂಮಾಗಿಂತ ಒಳ್ಳೆಯ ಪ್ರಾಣಿ ಸಿಗಲಾರದು. ಕೂಗರ್, ಬೆಟ್ಟದ ಸಿಂಹ, ಫ್ಲಾರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವುದೆಲ್ಲ ಇದನ್ನೇ. ಲಿನ್ನೇಯಸ್ 1771ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಕೆನಡಾದ ಯೂಕಾನ್‌ನಿಂದ ದಕ್ಷಿಣ ಅಮೆರಿಕದ ತುದಿಯ ಆಂಡಿಸ್‌ವರೆಗೆ ಹಿಮದಲ್ಲೂ ಮರುಭೂಮಿಯಲ್ಲೂ ಮಳೆಕಾಡಿನಲ್ಲೂ ಬದುಕುವ ಪ್ರಾಣಿ ಇದು. ಎರಡೂ ಅಮೆರಿಕ ಖಂಡಗಳಲ್ಲಿ ಇಷ್ಟು ದೂರ ಹರಡಿಕೊಂಡ ನೆಲದ ಕಾಡು ಸಸ್ತನಿ ಮತ್ತೊಂದಿಲ್ಲ. ಇಷ್ಟು ವಿಸ್ತಾರದಲ್ಲಿ ಬದುಕುವ ಪ್ರಾಣಿಯ ಬಗ್ಗೆ ‘ಪ್ಯೂಮಾ ಹೀಗೆ ಮಾಡುತ್ತದೆ’ ಎಂದು ಶುರುವಾಗುವ ಯಾವ ವಾಕ್ಯವನ್ನಾದರೂ ತುಸು ಅನುಮಾನದಿಂದ ಓದಬೇಕು.

ಮೊದಲು ಉಪಪ್ರಭೇದಗಳ ಲೆಕ್ಕ. ಇಪ್ಪತ್ತನೆಯ ಶತಮಾನದ ಬಹುಭಾಗ ಪ್ಯೂಮಾವನ್ನು ತಲೆಬುರುಡೆಯ ಅಳತೆ, ತುಪ್ಪಳದ ಬಣ್ಣ, ಸಿಕ್ಕಿದ ಊರು ಇವುಗಳ ಮೇಲೆ ವಿಂಗಡಿಸಿದರು. 1946ರಲ್ಲಿ ಯಂಗ್ ಮತ್ತು ಗೋಲ್ಡ್‌ಮನ್ ಬರೆದ ದೊಡ್ಡ ಗ್ರಂಥ ಈ ವಿಂಗಡಣೆಗೆ ಅಧಿಕಾರದ ಮುದ್ರೆ ಒತ್ತಿತು. ಕಾಲಕ್ರಮೇಣ ಪಟ್ಟಿ 32ಕ್ಕೆ ಬಂದು ನಿಂತಿತು. 2000ದಲ್ಲಿ ಮೆಲನಿ ಕಲ್ವರ್ ಮತ್ತು ಸಂಗಡಿಗರು ಖಂಡಗಳ ಉದ್ದಕ್ಕೂ ಸಂಗ್ರಹಿಸಿದ ಮಾದರಿಗಳ ಡಿಎನ್‌ಎ ಪರೀಕ್ಷಿಸಿ, ಕಾಣುವುದು ಆರೇ ಗುಂಪು ಎಂದರು. ಉತ್ತರ ಅಮೆರಿಕದ ಪ್ಯೂಮಾಗಳೆಲ್ಲ ಒಂದೇ ಗುಂಪು. ಅವುಗಳ ನಡುವೆ ವಂಶವಾಹಿ ವೈವಿಧ್ಯ ಎಷ್ಟು ಕಡಿಮೆಯೆಂದರೆ, ಹಿಮಯುಗದ ಕೊನೆಯಲ್ಲಿ ಅಲ್ಲಿ ಅಳಿದುಹೋಗಿ, ಸುಮಾರು 10,000 ವರ್ಷಗಳ ಹಿಂದೆ ದಕ್ಷಿಣದಿಂದ ಹೋದ ಕೆಲವೇ ಪ್ರಾಣಿಗಳ ಸಂತತಿ ಮತ್ತೆ ಹರಡಿರಬೇಕು ಎಂದು ಅವರು ತರ್ಕಿಸಿದರು. 2017ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಬೆಕ್ಕುಗಳ ತಜ್ಞಗುಂಪು ಇದನ್ನು ಎರಡಕ್ಕೆ ಇಳಿಸಿತು: ದಕ್ಷಿಣ ಅಮೆರಿಕದ್ದೊಂದು, ಉತ್ತರ ಮತ್ತು ಮಧ್ಯ ಅಮೆರಿಕದ್ದೊಂದು. ತಿದ್ದುಪಡಿಯ ದಾರಿ ಈಗ ಸಲೀಸು. 32 ಅಳಿಸಿ 6 ಬರೆದರು, 6 ಅಳಿಸಿ 2 ಬರೆದರು, ಪ್ರತಿ ಬಾರಿಯೂ ಹೊಚ್ಚಹೊಸ ಆಕರ. ಆದರೆ ಆ ತಜ್ಞಗುಂಪು ತನ್ನ ಪ್ರತಿ ನಿರ್ಣಯದ ಮುಂದೆಯೂ ಸಂಚಾರ ದೀಪದ ಮೂರು ಬಣ್ಣಗಳಲ್ಲಿ ಒಂದನ್ನು ಇಟ್ಟು, ಈ ಮಾತಿನಲ್ಲಿ ನಮಗೆ ಎಷ್ಟು ಭರವಸೆ ಇದೆ ಎಂದು ತಾನೇ ಸೂಚಿಸಿತ್ತು. ಕೋಶಗಳಿಗೆ ಬಂದದ್ದು ‘ಎರಡು’ ಎಂಬ ಅಂಕಿ. ಬಣ್ಣ ಅಲ್ಲಿಯೇ ಉಳಿಯಿತು. ತಜ್ಞರ ಹಿಂಜರಿಕೆಯೂ ತಜ್ಞರ ಜ್ಞಾನದ ಭಾಗ. ಅದನ್ನು ಕೈಬಿಟ್ಟು ಅಂಕಿಯನ್ನು ಮಾತ್ರ ಎತ್ತಿಕೊಂಡವನು ತಜ್ಞರನ್ನು ಅನುಸರಿಸಿದಂತೆ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಅದೇ ಲೇಖನದ ಕೆಳಭಾಗದಲ್ಲಿ ಕಾದಿರುತ್ತದೆ. ‘ಪೂರ್ವದ ಕೂಗರ್ ಎಂಬ ಉಪಪ್ರಭೇದ ಅಳಿದುಹೋಗಿದೆಯೆಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ 2011ರಲ್ಲಿ ತೀರ್ಮಾನಿಸಿತು’ ಎಂದು ಅಲ್ಲಿ ಬರೆದಿರುತ್ತಾರೆ. ಇದೂ ಸರಿಯಾದ ವಾಕ್ಯ, ಆಕರ ಸರ್ಕಾರದ್ದೇ. ಆದರೆ ಮೇಲೆ ಉತ್ತರ ಅಮೆರಿಕಕ್ಕೆಲ್ಲ ಒಂದೇ ಉಪಪ್ರಭೇದ ಎಂದು ತಿದ್ದಿಯಾಗಿದೆ. ಒಂದೇ ಇದ್ದರೆ ಅದರೊಳಗೆ ‘ಪೂರ್ವದ್ದು’ ಎಂಬ ಇನ್ನೊಂದು ಅಳಿದದ್ದು ಹೇಗೆ? ಎರಡೂ ವಾಕ್ಯಗಳು ಬಿಡಿಬಿಡಿಯಾಗಿ ಸರಿ, ಒಟ್ಟಿಗೆ ಅಸಂಗತ. ಈ ಅಸಂಗತಿಯನ್ನು ವಾಕ್ಯ ಎಣಿಸುವವನು ಎಂದೂ ಹಿಡಿಯಲಾರ, ಏಕೆಂದರೆ ಅದು ಎರಡು ವಾಕ್ಯಗಳ ನಡುವೆ ಇದೆ.

‘ಅಳಿದಿದೆ’ ಎಂಬ ಒಂದು ಕ್ರಿಯಾಪದದ ಕೆಳಗೆ ಮೂರು ಬೇರೆ ಬೇರೆ ಪ್ರತಿಪಾದನೆಗಳು ಸೇರಿಕೊಂಡಿವೆ; ಅವನ್ನು ಬಿಡಿಸದೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಮೊದಲನೆಯದು, ಅಮೆರಿಕದ ಪೂರ್ವ ಭಾಗದಲ್ಲಿ ಹಿಂದೆ ಇದ್ದ ಪ್ಯೂಮಾಗಳ ಸಂತತಿ ನಾಶವಾಯಿತು ಎಂಬುದು. ಇದು ನಿಜ, ಬೇಟೆ, ಕಾಡಿನ ನಾಶ, ಜಿಂಕೆಗಳ ಇಳಿಮುಖ ಸೇರಿ ಅದನ್ನು ಮುಗಿಸಿದವು. ಅಲ್ಲಿನ ಕೊನೆಯ ಪ್ರಾಣಿ 1938ರಲ್ಲಿ ಮೇನ್ ರಾಜ್ಯದಲ್ಲಿ ಸತ್ತಿತೆಂದು ನಂಬಲಾಗಿದೆ. ಎರಡನೆಯದು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ವಿಶಿಷ್ಟ ಉಪಪ್ರಭೇದ ಕಣ್ಮರೆಯಾಯಿತು ಎಂಬುದು. ಇದರ ಸತ್ಯಾಸತ್ಯ ವರ್ಗೀಕರಣದ ಮೇಲೆ ನಿಂತಿದೆ. ಹಳೆಯ ಪಟ್ಟಿಯಲ್ಲಿ ಹೌದು, 2000 ಮತ್ತು 2017ರ ಪಟ್ಟಿಗಳಲ್ಲಿ ಇಲ್ಲ. ಮೂರನೆಯದು, ಈಗ ಪೂರ್ವದಲ್ಲಿ ಪ್ಯೂಮಾ ಇಲ್ಲ ಎಂಬುದು. ಈ ಮೂರನೆಯದಕ್ಕೆ ಸರ್ಕಾರದ ತೀರ್ಮಾನ ಹೊರಬಿದ್ದ ಮೂರೇ ತಿಂಗಳಲ್ಲಿ ಉತ್ತರ ಸಿಕ್ಕಿತು. 2011ರ ಜೂನ್‌ನಲ್ಲಿ ಕನೆಕ್ಟಿಕಟ್‌ನ ಮಿಲ್ಫರ್ಡ್ ಬಳಿ ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಒಂದು ಗಂಡು ಪ್ಯೂಮಾ ಸತ್ತಿತು. ಡಿಎನ್‌ಎ ಹೋಲಿಸಿ ನೋಡಿದಾಗ ಅದು ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್‌ನಿಂದ ಹೊರಟು, ಮಿನೆಸೋಟಾ, ವಿಸ್ಕಾನ್ಸಿನ್ ಹಾದು, 2,400 ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬಂದ ಪ್ರಾಣಿ ಎಂದು ಗೊತ್ತಾಯಿತು. ಅಲೆಮಾರಿ ಗಂಡೊಂದು ಬಂದದ್ದಕ್ಕೂ ಅಲ್ಲಿ ಸಂಸಾರ ಹೂಡಿದ ಸಂತತಿ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ‘ಅಳಿದಿದೆ’ ಎಂಬ ಮಾತನ್ನು ಓದಿದವನಿಗೆ ಆ ಸತ್ತ ಪ್ರಾಣಿ ಸರ್ಕಾರದ ಸುಳ್ಳಿಗೆ ಸಾಕ್ಷಿಯಂತೆ ಕಾಣುತ್ತದೆ. ಪೂರ್ವ ರಾಜ್ಯಗಳಲ್ಲಿ ಅಂಥ ಗುಮಾನಿ ಇಂದಿಗೂ ಜೀವಂತವಾಗಿದೆ. ಅದನ್ನು ಹುಟ್ಟಿಸಿದವರು ಸುಳ್ಳು ಬರೆದವರಲ್ಲ. ನಿಜವನ್ನು ಅರ್ಧಕ್ಕೆ ಕತ್ತರಿಸಿ ಬರೆದವರು.

ಫ್ಲಾರಿಡಾದ ವಿಷಯದಲ್ಲಿ ಗೊಂದಲ ತಿರುಗುಮುರುಗಾಗುತ್ತದೆ. ಅಲ್ಲಿನ ಪ್ಯಾಂಥರ್ 1967ರಿಂದ ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ, ಪ್ರತ್ಯೇಕ ಉಪಪ್ರಭೇದವಾಗಿ. ಹೊಸ ವರ್ಗೀಕರಣ ಓದಿದ ಉತ್ಸಾಹಿಯೊಬ್ಬ ಹೀಗೆ ತರ್ಕಿಸಬಹುದು: ಉಪಪ್ರಭೇದವೇ ಇಲ್ಲ, ಆದ್ದರಿಂದ ಅಪಾಯವೂ ಇಲ್ಲ. ಕಾನೂನಿನ ಪಟ್ಟಿ ಮತ್ತು ವರ್ಗೀಕರಣದ ಪಟ್ಟಿ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ ಎಂಬುದನ್ನು ಈ ತರ್ಕ ಮರೆತಿದೆ. ಅಮೆರಿಕದ ಕಾನೂನು ಉಪಪ್ರಭೇದಗಳಷ್ಟೇ ಅಲ್ಲದೆ ಬೆನ್ನೆಲುಬಿರುವ ಪ್ರಾಣಿಗಳ ಪ್ರತ್ಯೇಕ ಸಮುದಾಯಗಳನ್ನೂ ರಕ್ಷಿಸಬಲ್ಲದು. ಅದಿರಲಿ, ಫ್ಲಾರಿಡಾದ ಸಂಕಟ ಹೆಸರಿನ ಸಂಕಟವಾಗಿರಲಿಲ್ಲ. ಸಂಖ್ಯೆ ಇಪ್ಪತ್ತು ಮೂವತ್ತಕ್ಕೆ ಇಳಿದು, ಒಳಸಂತಾನದಿಂದ ಹೃದಯದ ದೋಷ, ಕೆಳಗಿಳಿಯದ ವೃಷಣ, ಸೊಟ್ಟ ಬಾಲ ಕಾಣಿಸಿಕೊಂಡಿದ್ದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಮೇಲೆ ಸಂತತಿ ಚೇತರಿಸಿಕೊಂಡಿತು. ಹಳೆಯ ಪಟ್ಟಿಯ ಪ್ರಕಾರ ಟೆಕ್ಸಸ್‌ನವು ಬೇರೆಯೇ ಉಪಪ್ರಭೇದ, ಅಂದರೆ ಅದು ತಳಿ ಬೆರಕೆ. ಹೊಸ ಪಟ್ಟಿಯ ಪ್ರಕಾರ ದೂರವಾಗಿದ್ದ ನೆಂಟರನ್ನು ಕೂಡಿಸಿದ್ದು. ಒಂದೇ ಘಟನೆ, ಎರಡು ವಿವರಣೆ. ಯಾವ ಪಟ್ಟಿಯ ಕಣ್ಣಿನಿಂದ ನೋಡುತ್ತಿದ್ದೇವೆಂದು ಹೇಳದೆ ಈ ಅಧ್ಯಾಯವನ್ನು ನಿಖರವಾಗಿ ಬರೆಯಲು ಬರುವುದೇ ಇಲ್ಲ.

ಇನ್ನು ಸ್ವಭಾವದ ಮಾತು. ‘ಪ್ಯೂಮಾ ಏಕಾಂಗಿ’ ಎಂದು ಪ್ರತಿ ಕೋಶವೂ ಹೇಳುತ್ತದೆ. ಈ ತಿಳಿವಳಿಕೆಗೆ ಗಟ್ಟಿ ತಳಹದಿ ಹಾಕಿದವರು ಮಾರಿಸ್ ಹಾರ್ನಾಕರ್. 1964ರಿಂದ ಅವರು ಐಡಾಹೋದ ಬೆಟ್ಟಗಳಲ್ಲಿ ನಾಯಿಗಳಿಂದ ಪ್ಯೂಮಾಗಳನ್ನು ಮರ ಹತ್ತಿಸಿ, ಗುರುತು ಹಾಕಿ, ಚಳಿಗಾಲದ ಹಿಮದಲ್ಲಿ ಹೆಜ್ಜೆ ಹಿಡಿದು ನಡೆದರು. ಪ್ರಾಯದ ಪ್ರಾಣಿಗಳು ಒಂದನ್ನೊಂದು ತಪ್ಪಿಸಿಕೊಂಡು ಬದುಕುತ್ತವೆ ಎಂಬುದು ಅವರಿಗೆ ಕಂಡದ್ದು. ಅಪರೂಪಕ್ಕೊಮ್ಮೆ ಸಿಗುವ ಪ್ರಾಣಿಯ ಭೇಟಿಗಳು ಆ ಸಾಧನಗಳ ಕಣ್ಣಿಗೆ ಬೀಳುವುದು ಇನ್ನೂ ಅಪರೂಪ. 2017ರಲ್ಲಿ ಮಾರ್ಕ್ ಎಲ್ಬ್ರಾಕ್ ಮತ್ತು ಸಂಗಡಿಗರು ವಯೋಮಿಂಗ್‌ನ ವಾಯವ್ಯ ಭಾಗದಲ್ಲಿ ಜಿಪಿಎಸ್ ಕೊರಳಪಟ್ಟಿ, ಬೇಟೆಯ ಬಳಿ ಇಟ್ಟ ಕ್ಯಾಮೆರಾಗಳ ಮೂಲಕ ಬೇರೆಯದನ್ನೇ ಕಂಡರು. ರಕ್ತಸಂಬಂಧವಿಲ್ಲದ ಪ್ಯೂಮಾಗಳೂ ಒಂದೇ ಬೇಟೆಯನ್ನು ಹಂಚಿ ತಿನ್ನುತ್ತಿದ್ದವು. ಹಿಂದೆ ಹಂಚಿಕೊಂಡವಕ್ಕೆ ಮುಂದೆ ಪಾಲು ಸಿಗುವ ಸಂಭವ ಹೆಚ್ಚಿತ್ತು. ಇದರಿಂದ ‘ಏಕಾಂಗಿ’ ಎಂಬುದು ಸುಳ್ಳಾಯಿತೇ? ಬೇಟೆಯಾಡುವುದು, ಅಲೆಯುವುದು, ದಿನದ ಬಹುಪಾಲು ಕಳೆಯುವುದು ಒಂಟಿಯಾಗಿಯೇ. ಆ ಅಧ್ಯಯನದ ಶೀರ್ಷಿಕೆಯಲ್ಲೂ ಪ್ಯೂಮಾ ಏಕಾಂಗಿ ಮಾಂಸಾಹಾರಿಯೇ. ಆದರೆ ಸುದ್ದಿ ಓದಿದ ತಿದ್ದುಪಡಿಗಾರ ‘ಪ್ಯೂಮಾ ಸಾಮಾಜಿಕ ಪ್ರಾಣಿ’ ಎಂದು ಬದಲಿಸಿದರೆ ಅವನ ಹೊಸ ತಪ್ಪು ಹಳೆಯದಕ್ಕಿಂತ ದೊಡ್ಡದು. ಹಳೆಯ ವಾಕ್ಯಕ್ಕೆ ಹತ್ತಾರು ಪ್ರದೇಶಗಳ ಅನುಭವವಿತ್ತು. ಹೊಸದು ಎಲ್ಕ್‌ನಂಥ ದೊಡ್ಡ ಬೇಟೆ ಧಾರಾಳವಾಗಿರುವ ಒಂದು ಕಣಿವೆ ಪ್ರದೇಶದ್ದು. ಹೊಸದೆಲ್ಲ ಹೆಚ್ಚು ಸರಿ ಎಂಬುದು ವಾಕ್ಯ ಬದಲಿಸುವ ಪದ್ಧತಿಯ ಒಳಗೆ ಅಡಗಿರುವ ಇನ್ನೊಂದು ಮೂಢನಂಬಿಕೆ.

ಸ್ಥಳದ ಷರತ್ತು ಉದುರಿದಾಗ ಆಗುವ ಹಾನಿ ಇದಕ್ಕಿಂತ ವ್ಯಾಪಕ. ನಮಗೆ ದೊರಕುವ ಪ್ಯೂಮಾ ಜ್ಞಾನದಲ್ಲಿ ದೊಡ್ಡ ಪಾಲು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದ ಪಶ್ಚಿಮ ಬೆಟ್ಟಗಳದ್ದು. ಹಣ, ವಿಶ್ವವಿದ್ಯಾಲಯ, ಕೊರಳಪಟ್ಟಿ ಎಲ್ಲ ಅಲ್ಲೇ ಇದ್ದವು. ಹಾಗಾಗಿ ‘ಪ್ಯೂಮಾದ ಮುಖ್ಯ ಆಹಾರ ಜಿಂಕೆ’ ಎಂದಾಗ ನಾವು ಓದುತ್ತಿರುವುದು ರಾಕಿ ಪರ್ವತದ ಪ್ಯೂಮಾವನ್ನು. ಪ್ಯಾಟಗೋನಿಯಾದಲ್ಲಿ ಅದು ಒಂಟೆಯ ಜಾತಿಯ ಗ್ವಾನಕೊವನ್ನು ಹಿಡಿಯುತ್ತದೆ. ಅರ್ಜೆಂಟೀನಾದ ಮೊಂಟೆ ಲಿಯೋನ್ ಕರಾವಳಿಯಲ್ಲಿ ಕುರಿ ಸಾಕಣೆ ನಿಂತು ರಾಷ್ಟ್ರೀಯ ಉದ್ಯಾನವಾದ ಮೇಲೆ ಮರಳಿ ಬಂದ ಪ್ಯೂಮಾಗಳು ಪೆಂಗ್ವಿನ್ ತಿನ್ನುತ್ತಿವೆ. ಫ್ಲಾರಿಡಾದಲ್ಲಿ ಕಾಡುಹಂದಿ, ರಕೂನ್, ಆರ್ಮಡಿಲ್ಲೊ. ತೂಕದ ಕಥೆಯೂ ಹೀಗೇ. ಸಮಭಾಜಕದ ಹತ್ತಿರ ಪ್ಯೂಮಾ ಚಿಕ್ಕದು, ಧ್ರುವಗಳತ್ತ ಹೋದಂತೆ ದೊಡ್ಡದು. ಬೇಟೆಯ ಗಾತ್ರವೂ ಅದರೊಂದಿಗೆ ಏರುತ್ತದೆ. ‘ಗಂಡಿನ ಸರಾಸರಿ ತೂಕ ಇಷ್ಟು’ ಎಂಬ ಒಂದೇ ಅಂಕಿ ಎಲ್ಲೂ ಇಲ್ಲದ ಒಂದು ಪ್ರಾಣಿಯ ತೂಕ. ಅದರ ಪಕ್ಕದಲ್ಲಿ ಯಾವನೋ ಬೇಟೆಗಾರ ನೂರು ವರ್ಷದ ಹಿಂದೆ ಹೇಳಿದ ದಾಖಲೆ ತೂಕವನ್ನೂ, ‘ಇಷ್ಟು ಅಡಿ ನೆಗೆಯುತ್ತದೆ’ ಎಂಬ ಸಾಹಸವನ್ನೂ ಸೇರಿಸಿಬಿಟ್ಟರೆ ಮಕ್ಕಳ ರಸಪ್ರಶ್ನೆಗೆ ಸರಕಾಯಿತು. ಆ ನೆಗೆತವನ್ನು ಯಾರು, ಎಲ್ಲಿ, ಹೇಗೆ ಅಳೆದರು ಎಂದು ಕೈಪಿಡಿಗಳಲ್ಲಿ ಹುಡುಕಿದರೆ ಬಹುತೇಕ ಸಿಗುವುದು ಇನ್ನೊಂದು ಕೈಪಿಡಿಯ ಹೆಸರು.

ಮನುಷ್ಯರ ಮೇಲಿನ ದಾಳಿಯ ಲೆಕ್ಕದಲ್ಲಿ ಮಾತ್ರ ನಿಖರತೆಗೆ ಪ್ರಾಣದ ಬೆಲೆ ಇದೆ, ಆದ್ದರಿಂದ ಅದನ್ನು ಸ್ವಲ್ಪ ನಿಂತು ನೋಡಬೇಕು. 1991ರಲ್ಲಿ ಪಾಲ್ ಬೈಯರ್ ಪ್ರಕಟಿಸಿದ ಅಧ್ಯಯನದ ಪ್ರಕಾರ 1890ರಿಂದ 1990ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಒಂಬತ್ತು ಮಾರಕ ದಾಳಿಗಳಲ್ಲಿ 10 ಜನ ಸತ್ತರು. ಸಾವಿಲ್ಲದ ದಾಳಿಗಳು 44. ಇದನ್ನು ‘ನೂರು ವರ್ಷಕ್ಕೆ ಹತ್ತು ಸಾವು, ಅಂದರೆ ಹತ್ತು ವರ್ಷಕ್ಕೊಂದು’ ಎಂದು ಸರಳಗೊಳಿಸುವ ಆಸೆ ಬಲವಾದದ್ದು. ಆದರೆ ಬೈಯರ್ ಅವರೇ ಗುರುತಿಸಿದಂತೆ ದಾಳಿಗಳು ಆ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಎದ್ದು ಕಾಣುವಂತೆ ಹೆಚ್ಚಿದ್ದವು. ಶತಮಾನದ ಸರಾಸರಿ ಅದನ್ನು ಮುಚ್ಚಿಹಾಕುತ್ತದೆ. ದಾಳಿಗೊಳಗಾದವರಲ್ಲಿ ಹೆಚ್ಚಿನವರು ಮಕ್ಕಳು ಎಂಬ ಸಂಗತಿಯೂ ಸರಾಸರಿಯಲ್ಲಿ ಕಾಣುವುದಿಲ್ಲ. ಲೆಕ್ಕ ಎರಡು ದೇಶಗಳದ್ದು ಎಂಬುದನ್ನು ಬಿಟ್ಟರೆ ಮೆಕ್ಸಿಕೊದಿಂದ ಚಿಲಿಯವರೆಗಿನ ಜನ ಲೆಕ್ಕಕ್ಕೇ ಇಲ್ಲದಂತಾಗುತ್ತಾರೆ. 2018ರಲ್ಲಿ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳಲ್ಲಿ ಒಂದೊಂದು ಸಾವು ಸಂಭವಿಸಿದಾಗ ಒಂದು ಪಕ್ಷ ‘ಅಪಾಯ ಏರುತ್ತಿದೆ’ ಎಂದಿತು, ಇನ್ನೊಂದು ಪಕ್ಷ ಶತಮಾನದ ಸರಾಸರಿ ತೋರಿಸಿತು. ಇಬ್ಬರ ಕೈಯಲ್ಲೂ ಸರಿಯಾದ ಅಂಕಿಯೇ ಇತ್ತು. ಕೊನೆಗೆ ಓದುಗನಿಗೆ ಬೇಕಾದದ್ದು ಎದುರಾದಾಗ ಏನು ಮಾಡಬೇಕು ಎಂಬುದು: ಓಡಬಾರದು, ಬೆನ್ನು ತೋರಿಸಬಾರದು, ಮಕ್ಕಳನ್ನು ಎತ್ತಿಕೊಳ್ಳಬೇಕು, ಮೈ ಹಿಗ್ಗಿಸಿ ದೊಡ್ಡದಾಗಿ ಕಾಣಬೇಕು, ಮೈಮೇಲೆ ಬಿದ್ದರೆ ತಿರುಗಿ ಬಡಿಯಬೇಕು. ಗ್ರಿಜ್ಲಿ ಕರಡಿಗೆ ಹೇಳುವ ‘ಸತ್ತಂತೆ ಬಿದ್ದುಕೊಳ್ಳಿ’ ಎಂಬ ಸಲಹೆ ಇಲ್ಲಿ ಮಾರಕ. ಸರಾಸರಿ ತೂಕದಲ್ಲಿ ಎರಡು ಕಿಲೋ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲ. ಈ ಸಾಲು ತಪ್ಪಿದರೆ ಆಗುತ್ತದೆ. ತಪ್ಪುಗಳನ್ನು ಎಣಿಸುವ ಪದ್ಧತಿ ಎರಡಕ್ಕೂ ಒಂದೇ ಅಂಕ ಕೊಡುವ ಅಪಾಯ ಯಾವಾಗಲೂ ಇದ್ದೇ ಇದೆ.

ಹಾಗಾದರೆ ನೇರವಾಗಿ ಅಳಿಸಬೇಕಾದ ತಪ್ಪುಗಳೇ ಇಲ್ಲವೇ? ಖಂಡಿತ ಇವೆ. ಒಂದೇ ಮದ್ದು ಎಲ್ಲ ತಪ್ಪಿಗೂ ಹೊಂದುವುದಿಲ್ಲ ಎನ್ನುವುದಷ್ಟೇ ನನ್ನ ತಕರಾರು. ಪ್ಯೂಮಾದ ಮಟ್ಟಿಗೆ ಹೇಳುವುದಾದರೆ ತಪ್ಪುಗಳು ನಾಲ್ಕು ಬಗೆ:

1. ಎಂದೂ ನಿಜವಾಗಿರದ ಮಾತು. ‘ಪ್ಯೂಮಾ ಸಿಂಹದಂತೆ ಗರ್ಜಿಸುತ್ತದೆ’, ‘ಕಪ್ಪು ಪ್ಯೂಮಾಗಳಿವೆ’. ಖಚಿತಪಟ್ಟ ಒಂದು ಕಪ್ಪು ಪ್ಯೂಮಾ ಕೂಡ ದಾಖಲಾಗಿಲ್ಲ. ಕಬಿನಿಯ ಹಿನ್ನೀರಿನಲ್ಲಿ ಜನ ಕಾದು ಕೂತು ನೋಡುವ ಕರಿ ಚಿರತೆ ಚಿರತೆಯೇ, ಬೇರೆ ಕುಲ. ಇಂಥವನ್ನು ಅಳಿಸಿದರಾಯಿತು.

2. ಒಂದು ಕಾಲಕ್ಕೆ ಸರಿಯಾಗಿದ್ದದ್ದು. 32 ಉಪಪ್ರಭೇದಗಳು ಈ ಬಗೆ. ಅಳಿಸಿದರೆ ಹಳೆಯ ಪುಸ್ತಕ, ಹಳೆಯ ಕಾನೂನು ಓದುವವನಿಗೆ ದಾರಿ ತಪ್ಪುತ್ತದೆ. ವರ್ಷ ಸೇರಿಸಿ ಉಳಿಸಬೇಕು.

3. ಒಂದೆಡೆ ಸರಿ, ಎಲ್ಲೆಡೆ ಹೇಳಿದ್ದು. ಜಿಂಕೆಯ ಆಹಾರ, ತೂಕ, ದಾಳಿಯ ಅಂಕಿ. ಊರು ಸೇರಿಸಬೇಕು.

4. ಹೆಸರಿಗೆ ಸರಿ, ತಿಳಿಯುವುದು ತಪ್ಪು. ‘ಪ್ಯೂಮಾ ದೊಡ್ಡ ಬೆಕ್ಕಲ್ಲ’ ಎಂದು ತಿದ್ದುವವರು ಹುಲಿ, ಸಿಂಹಗಳ ಕುಲಕ್ಕೆ ಸೇರಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಾರೆ. ಅದು ಹೌದು, ಅದರ ಹತ್ತಿರದ ಬಂಧುಗಳು ಜಾಗ್ವಾರುಂಡಿ ಮತ್ತು ಚೀತಾ. ಆದರೆ ಹುಲಿ, ಸಿಂಹ, ಜಾಗ್ವಾರ್ ಬಿಟ್ಟರೆ ಬೆಕ್ಕುಗಳಲ್ಲಿ ಅತಿ ಭಾರದ್ದು ಇದೇ. ‘ಗರ್ಜಿಸದ್ದರಿಂದ ದೊಡ್ಡ ಬೆಕ್ಕಲ್ಲ’ ಎಂಬ ಕಾರಣವೂ ನಿಲ್ಲುವುದಿಲ್ಲ; ಹಿಮಚಿರತೆ ಗರ್ಜಿಸುವುದಿಲ್ಲ, ಆದರೂ ಅದು ಹುಲಿಯ ಕುಲವೇ.

ಮೊದಲ ಬಗೆಗೆ ಮಾತ್ರ ‘ತಪ್ಪು ತೆಗೆ, ಸರಿ ಇಡು’ ಎಂಬ ಸೂತ್ರ ಪೂರ್ತಿ ಹೊಂದುತ್ತದೆ. ಸುದ್ದಿಯಾಗುವುದೂ ಅಂಥವೇ ಆದ್ದರಿಂದ ಎಲ್ಲ ತಪ್ಪೂ ಅದೇ ಜಾತಿಯದೆಂದು ನಾವು ನಂಬಿಬಿಟ್ಟಿದ್ದೇವೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೂರು ತೂಕದವು. ಮೊದಲನೆಯದು, ಆಕರ ಕೇಳುವ ನಿಯಮವೇ ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂಬುದು. ಆಕರ ಬೇಕೇ ಬೇಕು, ಸಂದೇಹವಿಲ್ಲ. ಆದರೆ ಆಕರ ಇದೆ ಎಂಬುದು ಮಾತು ಎಲ್ಲಿಂದ ಬಂತೆಂದು ತೋರಿಸುತ್ತದೆಯೇ ಹೊರತು ಎಷ್ಟು ದೂರದವರೆಗೆ ನಿಲ್ಲುತ್ತದೆಂದು ತೋರಿಸುವುದಿಲ್ಲ. ಎಷ್ಟೋ ಸಲ ಎಲ್ಲಿಂದ ಬಂತೆಂಬುದನ್ನೂ ತೋರಿಸುವುದಿಲ್ಲ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ತಮಾಷೆಗೆ ವಿಕಿಪೀಡಿಯದಲ್ಲಿ, ದಕ್ಷಿಣ ಅಮೆರಿಕದ ಕೊವಾಟಿ ಎಂಬ ಪ್ರಾಣಿಗೆ ‘ಬ್ರೆಜಿಲ್‌ನ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆ ಎಂದು ಸೇರಿಸಿದ. ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಆಮೇಲೆ ಅದೇ ಪತ್ರಿಕೆಗಳು ವಿಕಿಪೀಡಿಯದ ಆ ಸಾಲಿಗೆ ಆಕರಗಳಾದವು. ಹತ್ತು ಆಕರಗಳಿದ್ದು ಎಲ್ಲವೂ ಒಬ್ಬನನ್ನೇ ನೋಡಿ ಬರೆದಿದ್ದರೆ ಅದು ಒಂದೇ ಆಕರ. ಅಳತೆಯ ಮೂಲ ಕೇಳುವವನಿಗೆ ಮಾತ್ರ ಇದು ಗೊತ್ತಾಗುತ್ತದೆ.

ಎರಡನೆಯದು, ಕೋಶ ಬರೆಯುವವನು ಸಂಶೋಧಕನಲ್ಲ, ಪ್ರಮಾಣವೆಂದು ಒಪ್ಪಿದ ಸಂಸ್ಥೆಯ ಮಾತನ್ನು ಅನುಸರಿಸುವುದು ಅವನ ಧರ್ಮ. ಷರತ್ತುಗಳನ್ನು ತೂಗಿ ನೋಡಲು ಅವನಿಗೆ ಅಧಿಕಾರ ಕೊಟ್ಟವರಾರು ಎಂಬುದು. ಈ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಹವ್ಯಾಸಿಗಳ ಸ್ವಂತ ಸಿದ್ಧಾಂತಗಳಿಂದ ಕೋಶಗಳನ್ನು ಕಾಪಾಡಿದ್ದು ಇದೇ. ಆದರೆ ಪ್ಯೂಮಾದ ವಿಷಯದಲ್ಲಿ ಪ್ರಮಾಣವಾದ ಸಂಸ್ಥೆ ಒಂದಲ್ಲ. ಬೆಕ್ಕುಗಳ ತಜ್ಞಗುಂಪಿನ ವರ್ಗೀಕರಣ ಒಂದು ಹೇಳುತ್ತದೆ, ಅಮೆರಿಕದ ಕಾನೂನಿನ ಪಟ್ಟಿ ಇನ್ನೊಂದು. ಪೂರ್ವದ ಕೂಗರ್ 1973ರಲ್ಲಿ ಆ ಪಟ್ಟಿ ಸೇರಿ 2018ರಲ್ಲಿ ಹೊರಬಿತ್ತು; ಅದರಲ್ಲಿ ಕೊನೆಯ ಹದಿನೆಂಟು ವರ್ಷಗಳ ಕಾಲ, ಅಂದರೆ 2000ದಿಂದ 2018ರವರೆಗೆ, ಡಿಎನ್‌ಎ ಅಧ್ಯಯನ ಪ್ರತ್ಯೇಕವಲ್ಲವೆಂದ ಗುಂಪನ್ನು ಕಾನೂನು ಪ್ರತ್ಯೇಕವೆಂದೇ ಹೇಳುತ್ತಿತ್ತು. ಎರಡರಲ್ಲಿ ಒಂದನ್ನು ಮಾತಿಲ್ಲದೆ ಆರಿಸಿದವನು ಸಂಶೋಧಕನಿಗೂ ಮೀರಿದ ಅಧಿಕಾರವನ್ನು ಚಲಾಯಿಸಿದ, ಅದೂ ಓದುಗನಿಗೆ ತಿಳಿಯದಂತೆ.

ಮೂರನೆಯದು ಓದುಗನ ಪರವಾದ ಆಕ್ಷೇಪ, ನನಗೆ ಎಲ್ಲಕ್ಕಿಂತ ಕಷ್ಟದ್ದು. ಶಾಲೆಯ ಹುಡುಗಿಗೆ ಒಂದು ಉತ್ತರ ಬೇಕು; ‘ಕೆಲವರ ಪ್ರಕಾರ’, ‘ಕೆಲವೆಡೆ’, ‘ಒಂದು ಅಂದಾಜಿನಂತೆ’ ಎಂಬ ಮುಳ್ಳುಪೊದೆಯಲ್ಲಿ ಅವಳಿಗೆ ಪ್ರಾಣಿಯೇ ಕಾಣದೆ ಹೋದೀತು. ಹೌದು, ಹಾಗೆ ಬರೆದ ಲೇಖನಗಳಿವೆ, ಅವು ಓದಲಾಗದಂಥವು. ಆದರೆ ‘ಕೆಲವರ ಪ್ರಕಾರ’ ಷರತ್ತು ಅಲ್ಲವೇ ಅಲ್ಲ. ಷರತ್ತನ್ನು ಹೇಳಲಾಗದವನ ನುಣುಚಾಟ. ‘ಉತ್ತರ ಅಮೆರಿಕದಲ್ಲಿ ಪ್ಯೂಮಾ ಹೆಚ್ಚಾಗಿ ಜಿಂಕೆ ತಿನ್ನುತ್ತದೆ, ಪ್ಯಾಟಗೋನಿಯಾದಲ್ಲಿ ಗ್ವಾನಕೊ’ ಎಂಬ ವಾಕ್ಯ ‘ಪ್ಯೂಮಾ ಜಿಂಕೆ ತಿನ್ನುತ್ತದೆ’ ಎಂಬುದಕ್ಕಿಂತ ಐದು ಪದ ಉದ್ದ. ಅದರಲ್ಲಿ ಅನುಮಾನದ ನೆರಳೂ ಇಲ್ಲ. ಕಾಲ ಮತ್ತು ಸ್ಥಳ ಹೇಳಿದ ವಾಕ್ಯ ಸಾಮಾನ್ಯವಾಗಿ ಹೆಚ್ಚು ದೃಢವಾಗಿಯೇ ಇರುತ್ತದೆ. ಹಾಗೂ ಜಾಗ ಸಾಲದೆ ಹೋದರೆ ಬಿಡಬೇಕಾದದ್ದು ಷರತ್ತನ್ನಲ್ಲ, ಅಂಕಿಯನ್ನು. ‘ಪ್ಯೂಮಾದ ಗಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬಹಳ ಬದಲಾಗುತ್ತದೆ’ ಎಂಬಲ್ಲಿ ಒಂದೂ ಅಂಕಿಯಿಲ್ಲ. ಮೂರು ದಶಮಾಂಶದ ಸರಾಸರಿಗಿಂತ ಅದು ನಿಖರ.

ಕನ್ನಡದಲ್ಲಿ ಈ ಪ್ರಶ್ನೆಗೆ ಬೇರೊಂದು ಮುಖವಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು. 14 ಸಂಪುಟಗಳು ಮುಗಿಯಲು ದಶಕಗಳು ಹಿಡಿದವು. ಅದರ ಮಾಹಿತಿ ಹಳತಾಯಿತೆಂದು ಮೂಗು ಮುರಿಯುವುದು ಸುಲಭ. ಆದರೆ ಸಂಪುಟದ ಮೊದಲ ಪುಟದಲ್ಲಿ ವರ್ಷ ಅಚ್ಚಾಗಿದೆ. ಒಳಗಿನ ಪ್ರತಿ ವಾಕ್ಯಕ್ಕೂ ಅದು ತಾನಾಗಿ ಅಂಟಿಕೊಳ್ಳುವ ಷರತ್ತು. ಪರದೆಯ ಮೇಲಿನ ಲೇಖನಕ್ಕೆ ಆ ಸೌಲಭ್ಯವಿಲ್ಲ. ಒಂದು ಸಾಲು ಹೋದ ತಿಂಗಳಿನದು, ಅದರ ಕೆಳಗಿನದು ಹದಿನೈದು ವರ್ಷದ್ದು, ಎರಡೂ ಒಂದೇ ಅಕ್ಷರದಲ್ಲಿ ಒಂದೇ ವಯಸ್ಸಿನವರಂತೆ ಕೂತಿರುತ್ತವೆ. ಕನ್ನಡ ವಿಕಿಪೀಡಿಯದಲ್ಲಿ ಇದು ಇನ್ನೂ ತೀವ್ರ. 2009ರಿಂದ 2011ರ ಸುಮಾರಿಗೆ ಗೂಗಲ್‌ನ ಅನುವಾದ ಯೋಜನೆಯ ಮೂಲಕ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ, ಕನ್ನಡಕ್ಕೂ, ಇಂಗ್ಲಿಷಿನಿಂದ ದೊಡ್ಡ ದೊಡ್ಡ ಲೇಖನಗಳು ಬಂದವು. ಭಾಷೆ ಒರಟು ಎಂಬ ದೂರು ಆಗಲೇ ಎದ್ದಿತ್ತು. ಯಾರೂ ಅಷ್ಟಾಗಿ ಗಮನಿಸದ್ದು ಇನ್ನೊಂದು: ಇಂಗ್ಲಿಷ್ ಮೂಲ ಮುಂದೆ ಹೋಯಿತು, ಅನುವಾದ ಅನುವಾದವಾದ ದಿನದಲ್ಲೇ ನಿಂತಿತು, ‘ಇತ್ತೀಚೆಗೆ’, ‘ಪ್ರಸ್ತುತ’, ‘ಈಗ’ ಎಂಬ ಪದಗಳ ಸಮೇತ. ಇಂಥ ಲೇಖನದಲ್ಲಿ ‘ಈಗ ಆರು ಉಪಪ್ರಭೇದಗಳಿವೆ’ ಎಂದಿದ್ದರೆ ‘ಆರು’ ಎಂಬುದನ್ನು ಎರಡಕ್ಕೆ ತಿದ್ದುವುದು ಎರಡನೆಯ ಕೆಲಸ. ‘ಈಗ’ ಎಂಬುದನ್ನು ಕಿತ್ತು ವರ್ಷ ಹಾಕುವುದು ಮೊದಲನೆಯದು. ಕೈಗಳು ಕಡಿಮೆ ಇರುವ ನಮ್ಮಂಥ ಭಾಷೆಯಲ್ಲಿ ಮುಂದಿನ ತಿದ್ದುಪಡಿ ಹತ್ತು ವರ್ಷ ಬಾರದೆ ಹೋಗಬಹುದು. ವರ್ಷವಿರುವ ವಾಕ್ಯ ಆ ಹತ್ತು ವರ್ಷವೂ ಸುಳ್ಳಾಗದೆ ಕಾಯುತ್ತದೆ. ವರ್ಷವಿಲ್ಲದ್ದು ಮರುದಿನದಿಂದಲೇ ಹಳಸತೊಡಗುತ್ತದೆ.

ಹಾಗೆಂದು ಷರತ್ತು ಸೇರಿಸಿದ ಕೂಡಲೇ ಎಲ್ಲ ಬಗೆಹರಿಯಿತೆಂದು ನಾನು ಹೇಳಲಾರೆ. ಫ್ಲಾರಿಡಾದ ಪ್ಯಾಂಥರ್‌ಗಳ ಸಂಖ್ಯೆಯನ್ನೇ ತೆಗೆದುಕೊಳ್ಳಿ. 120ರಿಂದ 230 ಎಂಬುದು ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಇದು ಪ್ರಾಯದ ಮತ್ತು ಪ್ರಾಯಕ್ಕೆ ಬರುತ್ತಿರುವ ಪ್ರಾಣಿಗಳ ಲೆಕ್ಕ, ಗೂಡಿನ ಮರಿಗಳು ಸೇರಿಲ್ಲ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಹೆಚ್ಚುಕಡಿಮೆ ಎರಡು ಪಟ್ಟಿನ ಅಂತರ. ‘ಸುಮಾರು 175’ ಎಂದು ನಡುವಿನದನ್ನು ಬರೆದರೆ ಓದಲು ಚೆಂದ, ಆದರೆ ಅದು ಯಾರೂ ಎಣಿಸದ ಸಂಖ್ಯೆ. ‘200ಕ್ಕೂ ಹೆಚ್ಚು’ ಎಂದರೆ ರಕ್ಷಣೆ ಸಾಕೆನ್ನುವವರಿಗೆ ಅನುಕೂಲ, ‘ಕೇವಲ 120’ ಎಂದರೆ ಸಾಲದೆನ್ನುವವರಿಗೆ. ಎರಡೂ ತುದಿಗಳನ್ನು, ಅಂದಾಜಿನ ವರ್ಷವನ್ನು, ಮರಿಗಳನ್ನು ಬಿಟ್ಟ ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆಯುವುದಕ್ಕೆ ಜಾಗವಿದೆ. ಅದನ್ನು ಓದಿ ಪ್ಯಾಂಥರ್‌ನ ಹೆಸರನ್ನು ಅಪಾಯದ ಪಟ್ಟಿಯಲ್ಲಿ ಉಳಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಕೋಶದ ಕೆಲಸವಲ್ಲ.